ಎಂಜಿನ್ ಕೊನೆಗೆ, ಡಿಫರೆನ್ಷಿಯಲ್ ಮೊದಲು

ನಿನ್ನೆ ರಾತ್ರಿ ನೋಡಿದ ಒಂದು ವಿಡಿಯೋ ಇನ್ನೂ ತಲೆಯಿಂದ ಇಳಿದಿಲ್ಲ. 1972ರ ಡಾಟ್ಸನ್ 240ಝಡ್, ನಿಸ್ಸಾನ್ ಕಂಪನಿಯ ಹಳೇ ಸ್ಪೋರ್ಟ್ಸ್ ಕಾರು. ಕಾರಿನ ಮೈಗೆ ಹೊಸ ಪೇಂಟು, ಬಾನೆಟ್ ಎತ್ತಿದರೆ ನಿಸ್ಸಾನಿನದೇ ಸ್ಕೈಲೈನ್ ಜಿಟಿ-ಆರ್ ಕಾರಿನಿಂದ ಇಳಿಸಿ ತಂದ ಆರ್‌ಬಿ26 ಟರ್ಬೊ ಎಂಜಿನ್. ಉದ್ದಕ್ಕೂ ಕ್ಯಾಮೆರಾ ಟರ್ಬೊ ಬಿಟ್ಟು ಅಲ್ಲಾಡಲೇ ಇಲ್ಲ. ಕಾರು ಲಿಫ್ಟ್ ಮೇಲೆ ಹೋದಾಗ ಮಾತ್ರ ಅರೆಕ್ಷಣ ಹಿಂಭಾಗ ಕಂಡಿತು. ಅದೇ ಹಳೆಯ ಆರ್180 ಡಿಫರೆನ್ಷಿಯಲ್ (ಎಂಜಿನ್ನಿನ ಬಲವನ್ನು ಎರಡೂ ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ), ಅಲ್ಲಿಂದ ಚಕ್ರಕ್ಕೆ ಹೋಗುವ, ಕ್ರಾಸ್ ಜಾಯಿಂಟಿನ ಅದೇ ಹಳೆಯ ಹಾಫ್ ಶಾಫ್ಟ್, ಹಿಂದಿನ ಚಕ್ರಕ್ಕೆ ಅದೇ ಡ್ರಮ್ ಬ್ರೇಕ್. ಕೆಳಗೆ ಕಾಮೆಂಟುಗಳ ತುಂಬ ಚಪ್ಪಾಳೆ, ‘ಎಷ್ಟು ಹಾರ್ಸ್‌ಪವರ್?’ ಎಂಬ ಒಂದೇ ಪ್ರಶ್ನೆ. ಹಿಂದೆ ಯಾವ ಡಿಫರೆನ್ಷಿಯಲ್ ಹಾಕಿದ್ದೀರಿ ಅಂತ ಒಬ್ಬರೂ ಕೇಳಿಲ್ಲ.

ಹಳೇ ಕಾರಿಗೆ ಬೇರೆ ಎಂಜಿನ್ ಕೂರಿಸುವುದರ ಬಗ್ಗೆ ನನ್ನ ತಕರಾರಿಲ್ಲ, ಅದು ಇಲ್ಲಿರುವ ಗೆಳೆಯರಿಗೆಲ್ಲ ಗೊತ್ತು. ತಕರಾರು ಇರುವುದು ಆಯ್ಕೆ ಎಲ್ಲಿಂದ ಶುರುವಾಗುತ್ತೆ ಅನ್ನೋದರ ಬಗ್ಗೆ. ಎಲ್ಲರೂ ಎಂಜಿನ್ನಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ಹಿಂದಿನ ಚಕ್ರದಿಂದ.

ಲೆಕ್ಕ ನೋಡಿ. 240ಝಡ್ ತೂಕ ಹೆಚ್ಚುಕಮ್ಮಿ 1,050 ಕೆಜಿ. ಕಂಪನಿಯಿಂದ ಬಂದ ಎಲ್24 ಎಂಜಿನ್ 2,393 ಸಿಸಿ, ಸಾಲಾಗಿ ಆರು ಸಿಲಿಂಡರ್. ಆ ಕಾಲದ ಗ್ರಾಸ್ ಅಳತೆಯಲ್ಲಿ 151 ಹಾರ್ಸ್‌ಪವರ್, ಟಾರ್ಕ್, ಅಂದರೆ ತಿರುಚುವ ಬಲ, 200 ನ್ಯೂಟನ್ ಮೀಟರಿಗೆ ಒಂಚೂರು ಕಡಿಮೆ. ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್, ಹಾಫ್ ಶಾಫ್ಟ್, ಅದರ ತುದಿಯ ಸ್ಟಬ್ ಆಕ್ಸಲ್, ಡಿಫರೆನ್ಷಿಯಲ್ ಹಿಡಿದಿರುವ ರಬ್ಬರ್, ಎಲ್ಲವನ್ನೂ ಈ 200ಕ್ಕೆ ಅಂತ ಮಾಡಿದ್ದು. ಆರ್‌ಬಿ26 ತರುವುದು 350ಕ್ಕೂ ಮೇಲೆ. ಅಮೆರಿಕದ ಶೆವ್ರೊಲೆ ಕಮಾರೊದ ವಿ8 ಎಂಜಿನ್ ಎಲ್‌ಎಸ್1 ತರುವುದು 450ರ ಆಸುಪಾಸು. ಎರಡು ಪಟ್ಟಿಗಿಂತ ಹೆಚ್ಚು ತಿರುಚುವ ಬಲವನ್ನು ಐವತ್ತು ವರ್ಷ ಹಳೆಯ ಕ್ರಾಸ್ ಜಾಯಿಂಟಿನ ಮೇಲೆ ಹಾಕಿ, ಮೊದಲ ಗೇರಿನಲ್ಲಿ ಕ್ಲಚ್ ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ದೊಡ್ಡ ಎಂಜಿನಿಯರಿಂಗ್ ಬೇಕಿಲ್ಲ.

ಆರ್180, ಅದಕ್ಕಿಂತ ಗಟ್ಟಿಯಾದ ಆರ್200 ಅನ್ನುವ ಸಂಖ್ಯೆ ಡಿಫರೆನ್ಷಿಯಲ್ ಒಳಗಿನ ದೊಡ್ಡ ಗೇರಾದ ಕ್ರೌನ್ ವೀಲಿನ ವ್ಯಾಸ, ಮಿಲಿಮೀಟರಿನಲ್ಲಿ. ಆರ್200 ಬೇಕಾದರೆ ಇದೇ ಸಾಲಿನ ಆಮೇಲಿನ ಕಾರಾದ 280ಝಡ್‌ನಿಂದ ತೆಗೆಯಬಹುದು, 3.54 ರೇಷಿಯೋದಲ್ಲಿ (ಶಾಫ್ಟ್ 3.54 ಸುತ್ತಿದರೆ ಚಕ್ರ ಒಂದು ಸುತ್ತು) ಸಿಗುತ್ತೆ. ಆದರೆ ಬರೀ ಡಿಫರೆನ್ಷಿಯಲ್ ತಂದರೆ ಕೂರುವುದಿಲ್ಲ. ಹಿಂದೆ ಅದನ್ನು ಹಿಡಿಯುವ ಮೀಸೆಯಾಕಾರದ ಪಟ್ಟಿಯನ್ನೂ ಆರ್200ದ್ದೇ ತರಬೇಕು, ಬೋಲ್ಟಿನ ಅಂತರ ಬೇರೆ. ಪ್ರೊಪೆಲ್ಲರ್ ಶಾಫ್ಟಿನ ಫ್ಲ್ಯಾಂಜ್ ಹೊಂದಿಸಬೇಕು. ಸ್ಟಬ್ ಆಕ್ಸಲ್ 240ರಲ್ಲಿ 25 ಹಲ್ಲು, 280ರಲ್ಲಿ 27. ಬಲ ಹೆಚ್ಚಿಸುವವರು 27ರದ್ದನ್ನೇ ಹುಡುಕಿ. ಮುಂದಿನ ರಬ್ಬರ್ ಮೌಂಟ್ ಈ ಕಾರಿನ ಹಳೇ ರೋಗ: ಟಾರ್ಕ್ ಬಿದ್ದಾಗ ಡಿಫರೆನ್ಷಿಯಲ್‌ನ ಮೂತಿ ಮೇಲೆದ್ದು ರಬ್ಬರ್ ಸೀಳುತ್ತೆ, ಆಮೇಲೆ ಗೇರ್ ಹಾಕಿದಾಗೆಲ್ಲ ಹಿಂದೆ ‘ಟಣ್’ ಅಂತ ಹೊಡೆತ. ಮೇಲಿನಿಂದ ಒಂದು ಸ್ಟ್ರಾಪ್, ಇಲ್ಲಾ ಗಟ್ಟಿ ಮೌಂಟ್, ಎರಡರಲ್ಲಿ ಒಂದು ಇರಲೇಬೇಕು. ಇನ್ನೊಂದು ವಿಷಯ: 1971ರ ಮಧ್ಯದವರೆಗಿನ ಕಾರುಗಳಲ್ಲಿ ಡಿಫರೆನ್ಷಿಯಲ್ ಕೂತಿರುವ ಜಾಗ ಆಮೇಲಿನವುಗಳಿಗಿಂತ 35 ಮಿಲಿಮೀಟರ್ ಮುಂದಿದೆ. ಬೇರೆಯವರ ಕಾರಿನ ಅಳತೆ ಕೊಟ್ಟು ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಲು ಹೇಳಬೇಡಿ. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮೂರೂ ಕೂತ ಮೇಲೆ, ಕಾರಿನ ಭಾರ ಚಕ್ರದ ಮೇಲಿರುವಾಗ ಅಳೆಯಿರಿ.

ಇದಕ್ಕೂ ಮೊದಲು ತುಕ್ಕು. ಬ್ಯಾಟರಿ ಟ್ರೇ ತೆಗೆದು ಅದರ ಕೆಳಗೆ ನೋಡಿ. ಆ್ಯಸಿಡ್ ಸೋರಿ, ಒಳಗಿನ ಫೆಂಡರ್ ತಿಂದು, ಅಲ್ಲಿಂದ ಕೆಳಗಿನ ಫ್ರೇಮ್ ರೈಲಿಗೆ ಇಳಿದಿರುತ್ತೆ. ಸ್ಕ್ರೂಡ್ರೈವರ್ ಹಿಡಿಯಿಂದ ರೈಲಿನ ಉದ್ದಕ್ಕೂ ಕುಟ್ಟುತ್ತಾ ಹೋಗಿ. ‘ಟಂಗ್’ ಅಂತಿದ್ದ ಸದ್ದು ಎಲ್ಲಿ ‘ಡಬ್’ ಆಗುತ್ತೋ ಅಲ್ಲಿ ನಿಂತು, ಅಂಡರ್‌ಕೋಟ್ ಕೆರೆದು, ತುದಿಯಿಂದ ಚುಚ್ಚಿ. ತುದಿ ಒಳಗೆ ಹೋಯಿತೋ, ಎಂಜಿನ್ ಮಾತು ಅಲ್ಲಿಗೆ ನಿಲ್ಲಿಸಿ ಟಿಂಕರಿಂಗ್ ಕೆಲಸಕ್ಕೆ ದುಡ್ಡು ಎತ್ತಿಡಿ. ಇದಕ್ಕೆ ಬೇರೆ ಚಾಸಿ ಅಂತ ಇಲ್ಲ, ಈ ತೆಳು ರೈಲುಗಳೇ ಚಾಸಿ. 450 ನ್ಯೂಟನ್ ಮೀಟರ್ ತಿರುಚಿದಾಗ ತಿರುಚಿಕೊಳ್ಳುವುದೂ ಇವೇ.

ಈಗ ‘ಎಲ್‌ಎಸ್ ಹಾಕಿ, ಮುಗೀತು’ ಅನ್ನುವವರಿಗೆ. ಎಂಜಿನ್ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಅಲ್ಯೂಮಿನಿಯಂ ಬ್ಲಾಕಿನ 5.7 ಲೀಟರ್ ಎಲ್‌ಎಸ್1, 280ಝಡ್‌ನ ಕಬ್ಬಿಣದ ಬ್ಲಾಕಿನ ಎಲ್28 ಎಂಜಿನ್ನಿನಷ್ಟೇ ತೂಗುತ್ತೆ. ಉದ್ದ ಕಡಿಮೆ, ಹಾಗಾಗಿ ಫೈರ್‌ವಾಲ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆ) ಕಡೆಗೆ ಸರಿಸಿ ಕೂರಿಸಬಹುದು, ಮುಂದಿನ ಚಕ್ರದ ಮೇಲೆ ಭಾರ ಏರುವುದಿಲ್ಲ. ವಿ8 ಅಂದ ತಕ್ಷಣ ‘ಮೂಗು ಭಾರವಾಯ್ತು’ ಅನ್ನುವವರು ಇದನ್ನು ತಿಳಿದುಕೊಳ್ಳಬೇಕು. ಆದರೆ ಅಗ್ಗ ಅಂತ ಟ್ರಕ್ಕಿನ 5.3 ಲೀಟರ್ ಎಲ್‌ಎಂ7 ತಂದರೆ ಆ ಮಾತು ಸುಳ್ಳಾಗುತ್ತೆ. ಅದರ ಬ್ಲಾಕ್ ಕಬ್ಬಿಣದ್ದು, ಸುಮಾರು 40 ಕೆಜಿ ಹೆಚ್ಚು, ಆ ಭಾರವೆಲ್ಲ ಮುಂದೆ.

‘ಅಗ್ಗ’ ಅನ್ನುವ ಮಾತೇ ನನಗೆ ಸಿಟ್ಟು ತರಿಸುವುದು. ಎಂಜಿನ್ ಅಗ್ಗ, ಒಪ್ಪಿದೆ. ಅದರ ಹಿಂದೆ ಬರುವ ಪಟ್ಟಿ ಯಾರೂ ಹೇಳುವುದಿಲ್ಲ. ಟ್ರಕ್ಕಿನ ಆಯಿಲ್ ಸಂಪ್ ಆಳ, ಈ ಕಾರಿಗೆ ಕಮಾರೊದ ಸಂಪ್ ಬೇಕು. ಫೌಂಡೇಶನ್ ಬ್ರಾಕೆಟ್ ಬೇರೆ. ಎಡ ಸ್ಟೀರಿಂಗ್ ಕಾರಿನಲ್ಲಿ ಎಡಗಡೆಯ ಎಕ್ಸಾಸ್ಟ್ ಹೆಡರ್ ಸ್ಟೀರಿಂಗ್ ಶಾಫ್ಟಿಗೆ ಬೆರಳು ತೂರದಷ್ಟು ಹತ್ತಿರ ಹೋಗುತ್ತೆ, ಹೆಡರ್ ಕೊಳ್ಳುವ ಮುಂಚೆ ಅಲ್ಲಿ ಅಳೆಯಿರಿ. ಬಲ ಸ್ಟೀರಿಂಗ್ ಕಾರಾದರೆ ಸ್ಟಾರ್ಟರ್ ಮೋಟಾರು, ಸ್ಟೀರಿಂಗ್ ಶಾಫ್ಟು, ಹೆಡರು ಮೂರೂ ಒಂದೇ ಕಡೆ, ಮಾಮೂಲಿ ಕಿಟ್ ಕೆಲಸಕ್ಕೆ ಬರುವುದಿಲ್ಲ. ಎಲ್‌ಎಸ್1 ಜೊತೆ ಹಾಕುವ ಟಿ56 ಆರು ಸ್ಪೀಡ್ ಗೇರ್‌ಬಾಕ್ಸಿನ ಕ್ಲಚ್ ಸ್ಲೇವ್ (ಕ್ಲಚ್ಚನ್ನು ಒತ್ತುವ ಸಿಲಿಂಡರ್) ಗೇರ್‌ಬಾಕ್ಸಿನ ಮುಂಭಾಗದ ಬೆಲ್ ಹೌಸಿಂಗಿನ ಒಳಗೇ ಇದೆ. ಅದು ಸೋರಿದರೆ ಗೇರ್‌ಬಾಕ್ಸ್ ಇಳಿಸದೆ ಬೇರೆ ದಾರಿಯಿಲ್ಲ. ಹಾಗಾಗಿ ಹಳೇ ಸ್ಲೇವ್ ಹಾಗೇ ಬಿಟ್ಟು ಗೇರ್‌ಬಾಕ್ಸ್ ಏರಿಸಬೇಡಿ, ಹೊಸದು ಹಾಕಿಯೇ ಏರಿಸಿ. ಪೆಡಲಿನ ಕಡೆ ಡಾಟ್ಸನ್ನಿನ ಮೂಲ ಕ್ಲಚ್ ಮಾಸ್ಟರ್ ಸಿಲಿಂಡರ್ ಅದಕ್ಕೆ ಸಾಲುವಷ್ಟು ಆಯಿಲ್ ತಳ್ಳುವುದಿಲ್ಲ, ಮುಕ್ಕಾಲು ಇಂಚಿನದು ಹಾಕುವುದು ರೂಢಿ.

ಪೆಟ್ರೋಲಿನ ಕಥೆ ಇನ್ನೂ ದೊಡ್ಡದು. ಕಾರ್ಬೊರೇಟರ್ ಕಾಲದ ಪಂಪು ಕೊಡುವುದು ಮೂರು ನಾಲ್ಕು ಪಿಎಸ್‌ಐ ಒತ್ತಡ, ಎಲ್‌ಎಸ್1 ಕೇಳುವುದು 58. ಹೊಸ ಪಂಪು, ಹೊಸ ಲೈನು, ರೆಗ್ಯುಲೇಟರ್ ಎಲ್ಲ ಬೇಕು. 1999ರ ಮೇಲಿನ ಕಾರ್ವೆಟ್ಟಿನ ಫಿಲ್ಟರ್‌ನಲ್ಲಿ ರೆಗ್ಯುಲೇಟರ್ ಸೇರಿಯೇ ಬರುತ್ತೆ, ಬಹಳ ಜನ ಅದನ್ನೇ ಹಾಕುತ್ತಾರೆ. ಇಷ್ಟೆಲ್ಲ ಮಾಡಿದರೂ ಟ್ಯಾಂಕ್ ಕಾರ್ಬೊರೇಟರ್ ಕಾಲದ್ದೇ. ಪೆಟ್ರೋಲ್ ಅರ್ಧಕ್ಕಿಂತ ಕೆಳಗಿದ್ದಾಗ ಉದ್ದನೆಯ ತಿರುವಿನಲ್ಲಿ ಅದು ಒಂದು ಮೂಲೆಗೆ ಸರಿದು ಪಂಪು ಗಾಳಿ ಎಳೆಯುತ್ತೆ, ಎಂಜಿನ್ ತಿರುವಿನ ಮಧ್ಯದಲ್ಲೇ ಮುಗ್ಗರಿಸುತ್ತೆ. ಕಾರ್ಬೊರೇಟರಿನಲ್ಲಾದರೆ ಫ್ಲೋಟ್ ಬೌಲಿನಲ್ಲಿರುವ ಪೆಟ್ರೋಲು ಒಂದೆರಡು ಸೆಕೆಂಡ್ ಕಾಪಾಡುತ್ತೆ, ಇಂಜೆಕ್ಷನ್ನಿನಲ್ಲಿ ಆ ರಕ್ಷಣೆ ಇಲ್ಲ. ಪಂಪಿಗೆ ಸದಾ ಪೆಟ್ರೋಲ್ ಹಿಡಿದಿಡುವ ಸಣ್ಣ ಸರ್ಜ್ ಟ್ಯಾಂಕ್ ಇರಲೇಬೇಕು.

ಇನ್ನು ವೈರಿಂಗ್. ಮೂಲ 240ರಲ್ಲಿ ಇರುವುದು ಅಮ್ಮೀಟರ್, ಚಾರ್ಜಿಂಗ್ ಕರೆಂಟ್ ಡ್ಯಾಶ್‌ಬೋರ್ಡಿನ ಒಳಗೆ ಹೋಗಿ ಅದರ ಮೂಲಕ ವಾಪಸು ಬರುತ್ತೆ. ದೊಡ್ಡ ಆಲ್ಟರ್ನೇಟರ್, ಎಲೆಕ್ಟ್ರಿಕ್ ಫ್ಯಾನ್, ದೊಡ್ಡ ಪೆಟ್ರೋಲ್ ಪಂಪ್ ಹಾಕಿ ಆ ದಾರಿಯನ್ನು ಹಾಗೇ ಬಿಟ್ಟರೆ ಕನೆಕ್ಟರ್ ಕರಗುತ್ತೆ. ಹೆಡ್‌ಲೈಟಿಗೂ ರಿಲೇ ಇಲ್ಲ, ಕರೆಂಟೆಲ್ಲ ಸ್ಟೀರಿಂಗ್ ಕೆಳಗಿನ ಸ್ವಿಚ್ಚಿನಲ್ಲೇ ಹಾಯುತ್ತೆ. ಆರ್‌ಪಿಎಂ ಮೀಟರ್ ಇಗ್ನಿಷನ್ ಕಾಯಿಲಿನ ಕರೆಂಟ್ ಓದುವ ಜಾತಿಯದು, ಎಲ್‌ಎಸ್ ಕಂಪ್ಯೂಟರಿನ ಸಿಗ್ನಲ್ ಅದಕ್ಕೆ ಅರ್ಥವೇ ಆಗುವುದಿಲ್ಲ. 280ರ ಮೀಟರ್ ಹಾಕಿದರೂ, ಆರು ಸಿಲಿಂಡರ್ ಮೀಟರ್ ಸುತ್ತಿಗೆ ಮೂರು ಪಲ್ಸ್ ಕಾಯುತ್ತೆ, ಎಲ್‌ಎಸ್1 ಕೊಡುವುದು ಎರಡು. ಮಧ್ಯೆ ಪರಿವರ್ತಕ ಬೇಕು. ಆ ಕಂಪ್ಯೂಟರಿನಲ್ಲಿರುವ ಕಳ್ಳತನ ತಡೆಯ ವ್ಯವಸ್ಥೆಯನ್ನು ಟ್ಯೂನರ್ ಕೈಲಿ ತೆಗೆಸದಿದ್ದರೆ ಎಂಜಿನ್ ಸ್ಟಾರ್ಟೇ ಆಗುವುದಿಲ್ಲ.

ಇಷ್ಟನ್ನೂ ಬರೆದಿಟ್ಟು, ಬೆಲೆ ಹಾಕಿ, ಕೂಡಿಸಿ, ಆಮೇಲೆ ‘ಅಗ್ಗ’ ಅನ್ನಿ.

ಆರ್‌ಬಿ26ಕ್ಕೆ ಹೆಚ್ಚು ಹೇಳಲಾರೆ. ಜಿಟಿ-ಆರ್‌ನ ಸಂಪ್ ಒಳಗೆ ಮುಂದಿನ ಚಕ್ರದ ಡಿಫರೆನ್ಷಿಯಲ್ ಸೇರಿಕೊಂಡಿದೆ, ಹಾಗಾಗಿ ಸಂಪ್ ಬದಲಿಸದೆ ಇಲ್ಲಿ ಕೂರದು. ಮೊದಮೊದಲಿನ ಕ್ರ್ಯಾಂಕುಗಳಲ್ಲಿ ಆಯಿಲ್ ಪಂಪ್ ತಿರುಗಿಸುವ ಭಾಗ ಕಿರಿದು, ಹೆಚ್ಚಿನ ಆರ್‌ಪಿಎಂನಲ್ಲಿ ಪಂಪಿನ ಗೇರ್ ಒಡೆಯುತ್ತೆ. ಕಾಲರ್ ಹಾಕಿಸದೆ ಮುಟ್ಟಬೇಡಿ. ಇದಕ್ಕೆ ಕೊಡುವ ಬೆಲೆಯಲ್ಲಿ ಉಳಿದ ಕಾರನ್ನೆಲ್ಲ ಸರಿ ಮಾಡಬಹುದು. ನಿಸ್ಸಾನಿನ ನಾಲ್ಕು ಸಿಲಿಂಡರ್ ಎಂಜಿನ್ ಎಸ್‌ಆರ್20 ಮಾತ್ರ ಯೋಚಿಸಬೇಕಾದ ಆಯ್ಕೆ: ಎರಡು ಲೀಟರ್, ಅಲ್ಯೂಮಿನಿಯಂ ಬ್ಲಾಕ್, ಮೂಗು ಹಗುರವಾಗುತ್ತೆ. ಆದರೆ ಆರು ಸಿಲಿಂಡರಿನ ಆ ಸದ್ದು ಹೋಯಿತು. ನನ್ನ ಮಟ್ಟಿಗೆ ಅದು ಸಣ್ಣ ನಷ್ಟ ಅಲ್ಲ.

ಹಾಗಾದರೆ ಏನು ಹಾಕಬೇಕು? ರಸ್ತೆಯಲ್ಲಿ ಓಡಿಸುವ 240ಝಡ್‌ಗೆ ಎಲ್28. ಯಾರೂ ಇದರ ವಿಡಿಯೋ ಮಾಡುವುದಿಲ್ಲ, ಅದೇ ನನ್ನ ಹೊಟ್ಟೆಯುರಿ. 2,753 ಸಿಸಿ, ಅದೇ ಮನೆತನದ ಎಂಜಿನ್, ಅದೇ ಜಾಗದಲ್ಲಿ ಅದೇ ಬೋಲ್ಟಿಗೆ ಕೂರುತ್ತೆ. ಎಲ್24ರ ಫೌಂಡೇಶನ್ ಬ್ರಾಕೆಟ್, ಆಯಿಲ್ ಸಂಪ್, ಸಂಪಿನೊಳಗಿನ ಪಿಕಪ್ ಪೈಪ್ ಮೂರನ್ನೂ ಒಟ್ಟಿಗೆ ಇದಕ್ಕೆ ವರ್ಗಾಯಿಸಿ. 1970–72ರ ಎಸ್‌ಯು ಮಾದರಿ ಕಾರ್ಬೊರೇಟರ್ ಇದ್ದರೆ ಇಟ್ಟುಕೊಳ್ಳಿ. 1973–74ರ ಚಪ್ಪಟೆ ತಲೆಯವು ಇದ್ದರೆ, ಬಿಸಿಲಲ್ಲಿ ಪೆಟ್ರೋಲು ಆವಿಯಾಗಿ ಕೈಕೊಡುತ್ತವೆ, ತೆಗೆದುಹಾಕಿ. 280ಝಡ್ ನಂತರ ಬಂದ 280ಝಡ್‌ಎಕ್ಸ್‌ನ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್, ಅದರ ಪಕ್ಕಕ್ಕೇ ಅಂಟಿದ ಇ12-80 ಮಾಡ್ಯೂಲಿನೊಂದಿಗೆ, ನೇರ ಕೂರುತ್ತೆ. ಪಾಯಿಂಟ್ ಉಜ್ಜುವ ಕೆಲಸ ತಪ್ಪಿತು.

ಕೊಳ್ಳುವಾಗ ಬ್ಲಾಕಿನ ಮೇಲೆ ಎರಕ ಹೊಯ್ದ ಅಕ್ಷರ ಓದಿ: ಎನ್42 ಅಥವಾ ಎಫ್54. ಹೆಡ್ಡಿನ ಮೇಲೂ ಹಾಗೇ. ಚಪ್ಪಟೆ ಪಿಸ್ಟನ್ನಿನ ಎಫ್54 ಬ್ಲಾಕಿಗೆ ಎನ್42 ಹೆಡ್ ಕೂರಿಸಿದರೆ ಕಂಪ್ರೆಶನ್ 10:1ರ ಆಸುಪಾಸಿಗೆ ಹೋಗುತ್ತೆ, ಮಾಮೂಲಿ ಪೆಟ್ರೋಲಿನಲ್ಲಿ ನಾಕಿಂಗ್ ಶುರು. ರಸ್ತೆಗೆ ಪಿ79 ಹೆಡ್ ಸಾಕು, ಚೇಂಬರ್ ದೊಡ್ಡದು. ಹೆಡ್ ಬಿಚ್ಚುವ ಮುಂಚೆ ಟೈಮಿಂಗ್ ಚೈನಿನ ಎರಡು ಎಳೆಗಳ ನಡುವೆ ಮೇಲಿನಿಂದ ಮರದ ಬೆಣೆ ಇಳಿಸಿ ಬಿಗಿ ಮಾಡಿ. ಬೆಣೆ ಇಲ್ಲದೆ ಕ್ಯಾಮ್ ಗೇರ್ ಕಳಚಿದರೆ ಒಳಗಿನ ಟೆನ್ಷನರ್ ಹೊರಗೆ ಹಾರುತ್ತೆ, ಅದನ್ನು ವಾಪಸು ಕೂರಿಸಲು ರೇಡಿಯೇಟರ್, ಕ್ರ್ಯಾಂಕ್ ಪುಲ್ಲಿ, ಮುಂದಿನ ಕವರ್ ಪೂರ್ತಿ ಬಿಚ್ಚಬೇಕು. ಹೆಡ್ ಸ್ಕಿಮ್ಮಿಂಗ್ ಮಾಡಿಸಿದರೆ ಎಷ್ಟು ತೆಗೆದರೋ ಅಷ್ಟೇ ದಪ್ಪದ ಶಿಮ್ ಕ್ಯಾಮ್ ಟವರ್‌ಗಳ ಕೆಳಗೆ ಬರಬೇಕು, ಇಲ್ಲವಾದರೆ ಚೈನು ಸಡಿಲ.

ಕ್ಲಚ್ಚಿನಲ್ಲಿ ಒಂದು ಜಾಗ ಇದೆ, ಎಷ್ಟೋ ಜನ ಅಲ್ಲಿ ಎಡವುತ್ತಾರೆ. ಪ್ರೆಶರ್ ಪ್ಲೇಟ್ ಯಾವ ಕಾರಿನದೋ ರಿಲೀಸ್ ಬೇರಿಂಗಿನ ಕಾಲರ್ ಅದೇ ಕಾರಿನದಿರಬೇಕು. ಎತ್ತರ ತಪ್ಪಿದರೆ ಕ್ಲಚ್ ಬಿಡುವುದೇ ಇಲ್ಲ, ಅಥವಾ ಸದಾ ಸ್ಲಿಪ್ ಆಗುತ್ತೆ. ಅದು ಗೊತ್ತಾಗುವುದು ಗೇರ್‌ಬಾಕ್ಸ್ ಏರಿಸಿಯಾದ ಮೇಲೆ.

1981–83ರ 280ಝಡ್‌ಎಕ್ಸ್‌ನ ಐದು ಸ್ಪೀಡ್ ಗೇರ್‌ಬಾಕ್ಸ್ ಹಾಕಿದರೆ ಐದನೇ ಗೇರು 0.745. ಮೂಲ 3.36 ಡಿಫರೆನ್ಷಿಯಲ್ ಜೊತೆ ಗಂಟೆಗೆ 110 ಕಿ.ಮೀ. ವೇಗದಲ್ಲಿ ನಾಲ್ಕನೇ ಗೇರಿನಲ್ಲಿ 3,100 ಇದ್ದ ಆರ್‌ಪಿಎಂ 2,300ಕ್ಕೆ ಇಳಿಯುತ್ತೆ. ದೂರ ಓಡಿಸುವವರಿಗೆ ಇದು ಐವತ್ತು ಹಾರ್ಸ್‌ಪವರಿಗಿಂತ ದೊಡ್ಡದು.

‘ವೇಗ ಬೇಕು ಅನ್ನೋದು ತಪ್ಪಾ? ನನ್ನ ಕಾರು, ನನ್ನ ದುಡ್ಡು’ ಅಂತ ಕೇಳಬಹುದು. ತಪ್ಪಲ್ಲ, ವೇಗವೂ ಇದೇ ಮನೆತನದಲ್ಲಿದೆ. ಒಳ್ಳೆ ಕ್ಯಾಮ್, ಪೋರ್ಟಿಂಗ್, ಮೂರು ಡಬಲ್ ಕಾರ್ಬೊರೇಟರ್ ಹಾಕಿದ ಎಲ್28 ಇನ್ನೂರು ಹಾರ್ಸ್‌ಪವರಿನ ಸುತ್ತಮುತ್ತ ಕೊಡುತ್ತೆ. ಸಾಲದಿದ್ದರೆ ಎಲ್‌ಡಿ28 ಡೀಸೆಲ್ಲಿನ 83 ಮಿ.ಮೀ. ಸ್ಟ್ರೋಕಿನ ಕ್ರ್ಯಾಂಕ್, ಎಲ್24ರ ಕನೆಕ್ಟಿಂಗ್ ರಾಡ್, 89 ಮಿ.ಮೀ. ಪಿಸ್ಟನ್: 3.1 ಲೀಟರ್ ಆಯಿತು. ಅಷ್ಟು ಬೋರ್ ಮಾಡುವ ಮುಂಚೆ ಗೋಡೆ ದಪ್ಪ ಅಳೆಸಿ. ಇಷ್ಟಕ್ಕೂ 1971 ಮತ್ತು 1973ರ ಪೂರ್ವ ಆಫ್ರಿಕಾ ಸಫಾರಿ ರ್‍ಯಾಲಿ ಗೆದ್ದದ್ದು 240ಝಡ್. ಎರಡನೇ ಸಲ ಸ್ಟೀರಿಂಗ್ ಹಿಡಿದಿದ್ದವರು ನಮ್ಮ ಭಾರತ ಮೂಲದ ಶೇಖರ್ ಮೆಹ್ತಾ. ಅಮೆರಿಕದಲ್ಲಿ 1970 ಮತ್ತು 1971ರಲ್ಲಿ ಎಸ್‌ಸಿಸಿಎ ಎಂಬ ರೇಸಿಂಗ್ ಸಂಸ್ಥೆಯ ಸಿ-ಪ್ರೊಡಕ್ಷನ್ ವರ್ಗದಲ್ಲಿ ಚಾಂಪಿಯನ್ ಆದದ್ದು ಪೀಟ್ ಬ್ರಾಕ್ ತಂಡದ 240ಝಡ್. ಬಾನೆಟ್ ಒಳಗೆ ಇದ್ದದ್ದು ಇದೇ ಎಲ್ ಎಂಜಿನ್.

ವೇಗ ಹೆಚ್ಚಿಸುವವರು ಬ್ರೇಕಿಗೂ ದುಡ್ಡು ಇಡಿ. ಟೊಯೋಟಾ ಫೋರ್ ವೀಲ್ ಡ್ರೈವ್ ಪಿಕಪ್ಪಿನ ನಾಲ್ಕು ಪಿಸ್ಟನ್ ಕ್ಯಾಲಿಪರ್ ಮುಂದಿನ ಸ್ಟ್ರಟ್ಟಿಗೆ ಬೋಲ್ಟ್ ಆಗುತ್ತೆ. ಜೊತೆಗೆ 280ಝಡ್‌ಎಕ್ಸ್‌ನ 15/16 ಇಂಚಿನ ಮಾಸ್ಟರ್ ಸಿಲಿಂಡರ್ ಹಾಕದಿದ್ದರೆ ಪೆಡಲ್ ಆಳಕ್ಕೆ ಹೋಗುತ್ತೆ.

ಕ್ಯಾಲಿಫೋರ್ನಿಯಾದಲ್ಲಿರುವ ಗೆಳೆಯರಿಗೆ: 1975 ಮತ್ತು ಅದಕ್ಕೂ ಹಿಂದಿನ ಮಾಡೆಲ್ಲಿಗೆ ಸ್ಮಾಗ್, ಅಂದರೆ ಹೊಗೆ ತಪಾಸಣೆ ಇಲ್ಲ. 1976ರ 280ಝಡ್ ಕೊಂಡು ಎಲ್‌ಎಸ್ ಹಾಕುವುದಾದರೆ, ಎಂಜಿನ್ ಕಾರಿನ ವರ್ಷದ್ದೋ ಆಮೇಲಿನದ್ದೋ ಆಗಿರಬೇಕು, ಅದರ ಕ್ಯಾಟಲಿಟಿಕ್ ಕನ್ವರ್ಟರ್ ಮುಂತಾದ ಹೊಗೆ ನಿಯಂತ್ರಣದ ಭಾಗಗಳೆಲ್ಲ ಜೊತೆಗೆ ಬರಬೇಕು, ರಾಜ್ಯದ ರೆಫರಿ (ಇಂಥ ಕಾರುಗಳನ್ನು ನೋಡುವ ತಪಾಸಕ) ಒಪ್ಪಬೇಕು. ಕಾರು ಕೊಳ್ಳುವಾಗಲೇ ಬಾಗಿಲಿನ ಅಂಚಿನ ತಾರೀಖು ನೋಡಿ. ಊರಲ್ಲಿ ಹಳೇ ಕಾರು ಇಟ್ಟುಕೊಂಡು ಇದೇ ಪ್ರಶ್ನೆ ಕೇಳುವವರಿಗೆ: ಭಾರತದಲ್ಲಿ ವಾಹನದ ಮಾರ್ಪಾಡಿಗೆ ಕಡಿವಾಣ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರ ಮೂಲ ವಿನ್ಯಾಸ ಬದಲಿಸುವಂತಿಲ್ಲ ಅಂತ ಹೇಳಿದೆ. ಎಂಜಿನ್ ಇಳಿಸುವ ಮುಂಚೆ ಆರ್‌ಟಿಓಗೆ ಹೋಗಿ, ಇಳಿಸಿದ ಮೇಲೆ ಅಲ್ಲ.

‘ಯಾವ ಎಂಜಿನ್ ಹಾಕಲಿ’ ಅಂತ ಇನ್‌ಬಾಕ್ಸಿನಲ್ಲಿ ಕೇಳುವವರು ಮೊದಲು ನಾಲ್ಕು ವಿಷಯ ಕಳಿಸಿ: ಕಾರು ತಯಾರಾದ ತಿಂಗಳು ಮತ್ತು ವರ್ಷ, ಡಿಫರೆನ್ಷಿಯಲ್ ಯಾವುದು, ಬ್ಯಾಟರಿ ಟ್ರೇ ಕೆಳಗಿನ ರೈಲಿನ ಫೋಟೋ, ಎಂಜಿನ್ ಬಿಟ್ಟು ಉಳಿದದ್ದಕ್ಕೆ ಕೈಲಿರುವ ದುಡ್ಡು. ಫೋಟೋ ಬೆಳಕಲ್ಲಿ ತೆಗೆಯಿರಿ, ಅಂಡರ್‌ಕೋಟ್ ಕೆರೆದ ಮೇಲೆ.