ಒಂದು ನಂಬರ್ ದೊಡ್ಡದೇ ಇರಲಿ

ಫೆಬ್ರವರಿಯ ಕೊನೆಯ ವಾರ ನಾನು ದಾದರ್ ಸ್ಟೇಷನ್ನಿನ ಸೇತುವೆಯ ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದೆ. ದಾದರ್ ಗೊತ್ತಿದ್ದವರಿಗೆ ಇದೆಂಥ ಸಾಹಸ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅಲ್ಲಿ ಯಾರೂ ಮೆಟ್ಟಿಲು ಇಳಿಯುವುದಿಲ್ಲ, ಹಿಂದಿನವರೇ ಇಳಿಸುತ್ತಾರೆ. ಅಂಥ ಜನಪ್ರವಾಹದ ನಡುವೆ ಒಬ್ಬ ಗಂಡಸು ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು, ಹಲ್ಲು ಕಚ್ಚಿಕೊಂಡು ಇಳಿಯುತ್ತಿದ್ದರೆ ಮುಂಬಯಿಯಂಥ ಮುಂಬಯಿಯೂ ಒಂದು ಕ್ಷಣ ತಿರುಗಿ ನೋಡುತ್ತದೆ.

ಡೊಂಬಿವಲಿಯಿಂದ ದಿನಾ ಜೊತೆಗೆ ಬರುವ ನಮ್ಮ ಕಡೆಯ ಶೆಟ್ಟರೊಬ್ಬರು ಕೇಳಿದರು. "ಎಂಥದು ಮಾರಾಯಾ, ಕಾಲಿಗೆ ಎಂಥ ಆಯ್ತು?"

"ಸ್ಕೀಯಿಂಗ್" ಅಂದೆ.

"ಸ್ಕಿನ್ನಾ? ಮಾಟುಂಗದಲ್ಲಿ ಒಳ್ಳೆ ಸ್ಕಿನ್ ಡಾಕ್ಟರ್ ಇದ್ದಾರೆ, ನಂಬರ್ ಕೊಡ್ಲಾ?"

ಬಿಡಿಸಿ ಹೇಳಿದೆ. ಹಿಮದಲ್ಲಿ ಜಾರುವ ಆಟ, ಅದರ ಬೂಟು ಕಾಲಿಗೆ ಸರಿಯಾಗಲಿಲ್ಲ, ಹಾಗಾಗಿ ನೋವು ಅಂತ. ಅವರ ಮುಖದಲ್ಲಿದ್ದ ಕನಿಕರ ನನ್ನ ಕಣ್ಣೆದುರೇ ಇಂಗಿಹೋಯಿತು. ದುಡ್ಡು ಕೊಟ್ಟು ಜಾರಿ ಬಿದ್ದವನಿಗೆ ಕನಿಕರ ಯಾಕೆ, ಅಲ್ವಾ? ಆಫೀಸಿನಲ್ಲಿ ಇನ್ನೂ ಕಷ್ಟ. "ಸ್ಕೀಯಿಂಗ್" ಅಂದರೆ ಜಂಬ ಕೊಚ್ಚಿಕೊಂಡ ಹಾಗೆ ಕೇಳಿಸುತ್ತಿತ್ತು. ಮಧ್ಯಾಹ್ನದಿಂದ ಕತೆ ಬದಲಾಯಿಸಿದೆ. "ಲೋಕಲ್ ಹತ್ತುವಾಗ ಯಾರೋ ತುಳಿದರು." ಎಲ್ಲರೂ ನಂಬಿದರು. ಒಬ್ಬರು ಕುರ್ಚಿ ತಂದುಕೊಟ್ಟರು.

ನಿಜವಾಗಿ ನಡೆದದ್ದು ಇದು.

ನನ್ನ ಹೆಂಡತಿಗೆ ಹಿಮ ನೋಡುವ ಆಸೆ. ಅವಳ ತಮ್ಮನಿಗೆ ಹಿಮದ ಮೇಲೆ ಫೋಟೊ ತೆಗೆಸಿಕೊಳ್ಳುವ ಆಸೆ. ನನಗೆ ಮನೆಯಲ್ಲೇ ಇರುವ ಆಸೆ. ಬಹುಮತಕ್ಕೆ ತಲೆಬಾಗಿ ಕಾಶ್ಮೀರದ ಗುಲ್ಮಾರ್ಗಿಗೆ ಹೋದೆವು. ಸಮುದ್ರ ಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದ ಊರು ಅದು. ಅಲ್ಲಿಂದ ಗೊಂಡೋಲ, ಅಂದರೆ ಕೇಬಲ್ ಕಾರ್, ಹತ್ತಿದರೆ ಅಫರ್ವಾತ್ ಬೆಟ್ಟದಲ್ಲಿ 4,000 ಮೀಟರಿನ ಹತ್ತಿರಕ್ಕೆ ಹೋಗಬಹುದು. ಪಳಗಿದವರು ಅಲ್ಲಿಂದ ಕೆಳಕ್ಕೆ ಜಾರಿಕೊಂಡು ಬರುತ್ತಾರೆ. ನಾನು ಜಾರಿದ್ದು ಕೆಳಗೆ ಕಲಿಯುವವರಿಗೆ ಅಂತ ಇರುವ ದಿಬ್ಬದಲ್ಲಿ. ನಮ್ಮ ಬಿಲ್ಡಿಂಗಿನ ಪಾರ್ಕಿಂಗ್ ಇಳಿಜಾರಿಗಿಂತ ಸ್ವಲ್ಪ ಜಾಸ್ತಿ ಇದ್ದಿರಬಹುದು.

ಬೂಟು ಬಾಡಿಗೆಗೆ ಕೊಡುವ ಅಂಗಡಿಯ ಹುಡುಗ ಸೈಜು ಕೇಳಿದ. "ಎಂಟು" ಅಂದೆ. ಅವನು ತಲೆಯಾಡಿಸಿದ. ಸೆಂಟಿಮೀಟರಿನಲ್ಲಿ ಹೇಳಬೇಕಂತೆ. ಸ್ಕೀ ಬೂಟಿನ ನಂಬರು ಅಂದರೆ ಪಾದದ ಉದ್ದ, ಅಷ್ಟೆ. ಹಿಮ್ಮಡಿಯಿಂದ ಹೆಬ್ಬೆರಳ ತುದಿವರೆಗೆ ಇಪ್ಪತ್ತಾರೂವರೆ ಸೆಂಟಿಮೀಟರ್ ಇದ್ದರೆ ಬೂಟೂ 26.5. ನನ್ನದು ಅಷ್ಟೇ ಇತ್ತು, ಅಳೆದು ಹೇಳಿದ. ಅಷ್ಟಕ್ಕೆ ಸುಮ್ನೆ ಇದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಇಲ್ಲಿ ನಮ್ಮ ಅಮ್ಮನನ್ನು ತರಲೇಬೇಕು. ಕುಂದಾಪುರದ ಚಪ್ಪಲಿ ಅಂಗಡಿಯಲ್ಲಿ ಪ್ರತಿ ವರ್ಷ ಶಾಲೆ ಶುರುವಾಗುವ ಮುಂಚೆ ಅಮ್ಮ ಒಂದೇ ಮಾತು ಹೇಳುತ್ತಿದ್ದಳು. "ಬೆಳೆಯೋ ಕಾಲು, ಒಂದು ನಂಬರ್ ದೊಡ್ಡದೇ ಇರಲಿ." ಜೂನಿನಲ್ಲಿ ಮುಂದೆ ಹತ್ತಿ ತುರುಕುವುದು, ದೀಪಾವಳಿಗೆ ಹತ್ತಿ ತೆಗೆಯುವುದು, ಯುಗಾದಿ ಹೊತ್ತಿಗೆ ಬೆರಳು ಹೊರಗೆ. ಬೂಟು ನನ್ನ ಕಾಲಿಗೆ ಸರಿ ಹೊಂದುತ್ತಿದ್ದದ್ದು ವರ್ಷಕ್ಕೆ ಮೂರು ವಾರ. ಈಗ ನನಗೆ ನಲವತ್ತಾರು. ಕಾಲು ಬೆಳೆಯುವುದು ನಿಲ್ಲಿಸಿ ಮೂವತ್ತು ವರ್ಷವಾಯಿತು. ಆದರೂ ಬಾಯಿಂದ ಬಂದದ್ದು ಅದೇ. "ಒಂದು ನಂಬರ್ ದೊಡ್ಡದು ಕೊಡಪ್ಪಾ."

ಹುಡುಗ ಬೇಡ ಅಂದ. ನಾನು ಬಿಡಲಿಲ್ಲ. ಬಾಡಿಗೆ ಎರಡಕ್ಕೂ ಅಷ್ಟೇ ಅಂದಮೇಲೆ ದೊಡ್ಡದನ್ನೇ ತಗೊಂಡರೆ ಲಾಭ ಅಂತ ಒಳಗಿನ ಮಧ್ಯಮ ವರ್ಗವೂ ಹೇಳಿತು. ಒಂದಲ್ಲ, ಎರಡು ನಂಬರ್ ದೊಡ್ಡದು, 28.5 ತಗೊಂಡೆ. ಮಗನಿಗೂ ಹಾಗೇ ಕೊಡಿಸಬೇಕೆಂದಿದ್ದೆ. ಪುಣ್ಯಕ್ಕೆ ಆ ಅಳತೆಯ ಜೋಡಿ ಮುಗಿದಿತ್ತು.

ಒಳಗೆ ಜಾಗ ಉಳಿಯಿತಲ್ಲ, ಅದಕ್ಕೆ ಎರಡು ಜೊತೆ ಉಣ್ಣೆ ಕಾಲುಚೀಲ. ಚಳಿ ನುಗ್ಗಬಾರದು ಅಂತ ಥರ್ಮಲ್ ಪ್ಯಾಂಟಿನ ಕಾಲನ್ನೂ ಬೂಟಿನೊಳಗೆ ತುರುಕಿದೆ. ಅದರ ಮೇಲೆ ನಾಲ್ಕು ಬಕಲ್.

ಸ್ಕೀ ಬೂಟು ಅಂದರೆ ಬೂಟಿನೊಳಗೊಂದು ಬೂಟು. ಹೊರಗೆ ಬಕೆಟ್ಟಿನಂಥ ಗಟ್ಟಿ ಪ್ಲಾಸ್ಟಿಕ್, ಒಳಗೆ ಮೆತ್ತನೆಯ ಪದರ. ಹಿಮ್ಮಡಿ ಮಿಸುಕದ ಹಾಗೆ ಹಿಡಿಯುವುದೇ ಅದರ ಕೆಲಸ. ಮೊಣಕಾಲು ಮುಂದಕ್ಕೆ ಬಾಗಿಯೇ ಇರಬೇಕು, ನೆಟ್ಟಗೆ ನಿಂತರೆ ಅದಕ್ಕೆ ಸಿಟ್ಟು. ಅಂಗಡಿಯಿಂದ ದಿಬ್ಬದವರೆಗಿನ ಇನ್ನೂರು ಹೆಜ್ಜೆ ನಾನು ಯಕ್ಷಗಾನದ ರಾಕ್ಷಸನ ಹಾಗೆ ಧಿಂ ಧಿಂ ಅಂತ ನಡೆದೆ. ಚೆಂಡೆಯವರು ಇರಲಿಲ್ಲ.

ಮೊದಲ ಐದು ನಿಮಿಷ ಪರವಾಗಿರಲಿಲ್ಲ. ಆಮೇಲೆ ಶುರುವಾಯಿತು. ಇಳಿಜಾರಿನಲ್ಲಿ ನಿಂತ ಕೂಡಲೇ ಹಿಮ್ಮಡಿ ಎದ್ದು ಪಾದ ಮುಂದಕ್ಕೆ ಜಾರುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ನನ್ನ ಕಾಲು ಬೂಟು ಇದ್ದಷ್ಟೂ ಚಾಚಿಕೊಂಡು ಹೋಗಿ ಹೆಬ್ಬೆರಳು ಮುಂದಿನ ಗೋಡೆಗೆ ಢೀ ಹೊಡೆಯುತ್ತಿತ್ತು. ಜಾರದಿರಲಿ ಅಂತ ಬಕಲ್ ಬಿಗಿ ಮಾಡಿದೆ. ಬಿಗಿ ಮಾಡಿದರೆ ರಕ್ತ ಓಡಾಡುವುದಿಲ್ಲ, ಪಾದ ಮರಗಟ್ಟುತ್ತದೆ. ಸಡಿಲ ಮಾಡಿದರೆ ಮತ್ತೆ ಢೀ. ಬೀಳುವ ಭಯಕ್ಕೆ ಬೆರಳುಗಳು ಕೊಂಬೆ ಹಿಡಿದ ಗಿಣಿಯ ಹಾಗೆ ಒಳಗೇ ಮುದುರಿಕೊಂಡು, ಅಂಗಾಲಿನ ನಡುಭಾಗ ಹಿಡಿದುಕೊಂಡಿತು. ತುರುಕಿದ ಥರ್ಮಲ್‌ನ ಮಡಿಕೆ ಮೊಣಕಾಲ ಕೆಳಗಿನ ಮೂಳೆಗೆ ಒತ್ತಿ ಅಲ್ಲೊಂದು ಬೇರೆ ಬೆಂಕಿ. ಹೊಸ ಕೊಲ್ಹಾಪುರಿ ಚಪ್ಪಲಿ ಕಚ್ಚುತ್ತೆ ಅಂತ ದೂರಿದ್ದೆ ನಾನು. ಅದು ಕಚ್ಚಿ ಬಿಡುತ್ತದೆ, ಪಾಪ. ಇದು ಅಗಿಯುತ್ತದೆ.

"ಪಿಜ್ಜಾ ಬನಾವೊ ಸಾಬ್!" ಅಂತ ಕಲಿಸುವವನು ಕೂಗುತ್ತಿದ್ದ. ಬೂಟಿಗೆ ಸಿಕ್ಕಿಸಿದ ಸ್ಕೀ ಹಲಗೆಗಳ ಮೂತಿ ಹತ್ತಿರ, ಬಾಲ ದೂರ, ಪಿಜ್ಜಾ ತುಂಡಿನ ಆಕಾರ. ಅದೇ ಬ್ರೇಕು. ನನ್ನ ಮಗ ಹತ್ತು ನಿಮಿಷದಲ್ಲಿ ಪಿಜ್ಜಾ ಮಾಡಿದ. ನನ್ನದು ಯಾವ ತಿಂಡಿಯ ಆಕಾರವೂ ಆಗಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಹಾಗೆ ಅನ್ನುವಂತೆಯೂ ಇರಲಿಲ್ಲ. ಇಲ್ಲಿ ನೆಲ ನಿಜಕ್ಕೂ ಡೊಂಕೇ ಇತ್ತು, ದುಡ್ಡು ಕೊಟ್ಟದ್ದೇ ಅದಕ್ಕೆ.

ಸಂಜೆ ಬೂಟು ಬಿಚ್ಚುವುದು ಇನ್ನೊಂದು ಪ್ರಸಂಗ. ಚಳಿಗೆ ಪ್ಲಾಸ್ಟಿಕ್ ಇನ್ನೂ ಗಟ್ಟಿಯಾಗಿತ್ತು. ಭಾಮೈದ ನನ್ನ ಕಾಲನ್ನು ತೊಡೆಯ ಮಧ್ಯೆ ಇಟ್ಟುಕೊಂಡು, ಬಾವಿಯಿಂದ ಕೊಡ ಎಳೆಯುವ ಹಾಗೆ ಎಳೆದ. "ಭಾವಾ, ಕಾಲು ಬಿಡಿ!" "ನಾನೆಲ್ಲಿ ಹಿಡಿದಿದ್ದೀನೋ!" ಕೊನೆಗೆ ಬೂಟು ಅವನ ಜೊತೆ ಹೋಯಿತು, ಅವನು ಹಿಂದಿನ ಬೆಂಚಿನ ಮೇಲೆ ಬಿದ್ದ. ಹೆಂಡತಿ ವಿಡಿಯೊ ಮಾಡುತ್ತಿದ್ದಳು. ಆ ಬರಿಗಾಲನ್ನು ನೆಲಕ್ಕಿಟ್ಟಾಗ ಆದ ಸುಖ ಇದೆಯಲ್ಲ, ಇಡೀ ಪ್ರವಾಸದಲ್ಲಿ ದುಡ್ಡು ವಸೂಲಾದದ್ದು ಅದೊಂದೇ ಗಳಿಗೆಯಲ್ಲಿ.

ಮರುದಿನ ಅಂಗಡಿಯಲ್ಲಿ ಫಿರನ್ ಅನ್ನುವ ಕಾಶ್ಮೀರಿ ನಿಲುವಂಗಿ ತೊಟ್ಟ ಮುದುಕರೊಬ್ಬರು ಕೂತಿದ್ದರು. ನನ್ನ ಕಾಲಿನ ಕಡೆ ನೋಡಿ, ಏನೂ ಕೇಳದೆ ಎರಡನೇ ಕಾಲುಚೀಲ ಎಳೆದು ಬಿಸಾಡಿದರು. ಥರ್ಮಲ್ಲನ್ನು ಮೇಲಕ್ಕೆ ಸರಿಸಿದರು. 26.5ರ ಬೂಟು ತಂದು, ಒಳಪದರ ಹೊರಗೆ ತೆಗೆದು, ಬರೀ ಪ್ಲಾಸ್ಟಿಕ್ಕಿಗೆ ನನ್ನ ಕಾಲು ಹಾಕಿಸಿದರು. ಬೆರಳು ಮುಂದಕ್ಕೆ ತಾಗಿಸಿ ನಿಂತಾಗ ಹಿಮ್ಮಡಿಯ ಹಿಂದೆ ಎರಡು ಬೆರಳಿನಷ್ಟು ಜಾಗ. ಅಷ್ಟಿದ್ದರೆ ಸರಿಯಂತೆ. ನಾನು ಬಿಟ್ಟಿದ್ದ ಜಾಗದಲ್ಲಿ ಇಡೀ ಮುಷ್ಟಿ ಹೋಗುತ್ತಿತ್ತು. ಮತ್ತೆ ಪದರ ಹಾಕಿ, ಒಂದೇ ತೆಳ್ಳನೆಯ ಕಾಲುಚೀಲ ತೊಡಿಸಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿಸಿದರು. ನಿಂತಾಗ ಬೆರಳು ಮುಂದೆ ಸೋಕುತ್ತಿತ್ತು. "ಚಿಕ್ಕದಾಯ್ತು" ಅಂದೆ. "ಮಂಡಿ ಬಗ್ಗಿಸಿ" ಅಂದರು. ಬಗ್ಗಿಸಿದೆ. ಬೆರಳು ಹಿಂದೆ ಸರಿದು ಆರಾಮವಾಗಿ ಕೂತಿತು. ಪಕ್ಕದಲ್ಲಿ ನಿಂತಿದ್ದ ಮಗ ಇದನ್ನೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

ಆ ದಿನ ಹತ್ತೊಂಬತ್ತು ಸಲ ಮಾತ್ರ ಬಿದ್ದೆ.

ಆದರೆ ಮೊದಲ ದಿನದ ಢೀಗಳು ಆಗಲೇ ಲೆಕ್ಕ ಬರೆದಿದ್ದವು. ಡೊಂಬಿವಲಿಗೆ ಬಂದು ನೋಡಿದರೆ ಬಲಗಾಲ ಹೆಬ್ಬೆರಳ ಉಗುರು ಕಳಿತ ನೇರಳೆ ಹಣ್ಣು. ಡಾಕ್ಟರು ಒತ್ತಿ ನೋಡಿದರು. ಉಗುರಿನಡಿ ರಕ್ತ ಕಟ್ಟಿದೆ, ಪೆಟ್ಟಾದ ಒಂದೆರಡು ದಿನದೊಳಗೆ ಬಂದಿದ್ದರೆ ಸಣ್ಣ ತೂತು ಮಾಡಿ ತೆಗೆಯಬಹುದಿತ್ತು, ಈಗ ಬೇಡ, ತಾನಾಗೇ ಉದುರುತ್ತೆ ಅಂದರು. ಹೊಸದು ಪೂರ್ತಿ ಬರಲು ಒಂದು ವರ್ಷ, ಒಂದೂವರೆ ವರ್ಷ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅಂತಾರೆ. ಇಲ್ಲಿ ಉಗುರೇ ಹೋಗುತ್ತಿತ್ತು.

ಆಮೇಲಿನ ದಿನಗಳನ್ನು ಸೆಂಟ್ರಲ್ ಲೈನಿನವರು ಮಾತ್ರ ಊಹಿಸಬಲ್ಲರು. ಫಾಸ್ಟ್ ಲೋಕಲ್ಲಿನಲ್ಲಿ ನನ್ನ ಹೆಬ್ಬೆರಳು ಸಾರ್ವಜನಿಕ ಆಸ್ತಿ. ಠಾಣೆಯಲ್ಲಿ ಒಬ್ಬ ತುಳಿದ, ಘಾಟ್ಕೋಪರಿನಲ್ಲಿ ಇನ್ನೊಬ್ಬ. ನಾನು ಆಫೀಸಿನಲ್ಲಿ ಹೇಳಿದ್ದ ಸುಳ್ಳು ಹೀಗೆ ವಾರದೊಳಗೆ ನಿಜವಾಯಿತು. ಸ್ಟೇಷನ್ ಹೊರಗಿನ ಮೋಚಿಯ ಹತ್ತಿರ ಹಳೇ ಆಫೀಸ್ ಶೂ ಒಯ್ದು, ಮುಂಭಾಗ ಸ್ವಲ್ಪ ಅಗಲ ಮಾಡಿಕೊಡು ಅಂದೆ. ಅವನು ಒಳಗೆ ಕೈ ಹಾಕಿ ನೋಡಿ ನಕ್ಕ. "ಇದು ಮೊದಲೇ ನಿಮಗೆ ದೊಡ್ಡದು, ಸಾಬ್."

ಜೂನ್ ಬಂತು. ಶಾಲೆ ಶುರು, ಮಳೆಯೂ ಶುರು. ಮಗನಿಗೆ ಶೂ ಕೊಡಿಸಲು ಹೋದೆವು. ನಾನು ಮಳೆಗಾಲದ ಪ್ಲಾಸ್ಟಿಕ್ ಸ್ಯಾಂಡಲ್ಲಿನಲ್ಲಿದ್ದೆ. ಹಳೇ ಉಗುರು ಉದುರಿ, ಹೊಸದು ಅಕ್ಕಿಕಾಳಿನಷ್ಟು ಇಣುಕುತ್ತಿತ್ತು. ಮಗ ಶೂ ಹಾಕಿಕೊಂಡು, ಅಂಗಡಿಯ ನಟ್ಟನಡುವೆ ಮಂಡಿ ಬಗ್ಗಿಸಿ, ಕೈ ಮುಂದೆ ಚಾಚಿ ನಿಂತ. "ಅಪ್ಪಾ, ನಿಂತ್ರೆ ಬೆರಳು ಸೋಕುತ್ತೆ, ಬಗ್ಗಿದ್ರೆ ಹಿಂದೆ ಬರುತ್ತೆ. ಕರೆಕ್ಟ್ ಸೈಜು!"

ಅಂಗಡಿಯವನು ನನ್ನ ಮುಖ ನೋಡಿದ. ಹೆಂಡತಿ ನನ್ನ ಹೆಬ್ಬೆರಳು ನೋಡಿದಳು.

"ಬೆಳೆಯೋ ಕಾಲು" ಅಂದೆ. "ಒಂದು ನಂಬರ್ ದೊಡ್ಡದು ತೆಗೀರಿ."