ಆಕ್ಸ್‌ಫರ್ಡ್ ಒಪ್ಪಿದರೆ ಮಾತ್ರ ಚಪ್ಪಾಳೆನಾ?

ಬೆಳಗಾವಿಯ ನಮ್ಮ ಓಣಿಯ ವಾಟ್ಸಾಪ್ ಗುಂಪಿಗೆ ಆ ಸುದ್ದಿ ಮತ್ತೆ ಬಂದಿದೆ. ‘ಹೆಮ್ಮೆಯ ವಿಷಯ! ನಮ್ಮ ಅಯ್ಯೋ ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲಿ!’ ಕೆಳಗೆ ಚಪ್ಪಾಳೆಗಳ ಸಾಲು. ರೀ, ಅಯ್ಯೋ ಸೇರಿದ್ದು 2016ರಲ್ಲಿ!

ನಿಘಂಟು ಅಂದರೆ ಶಾಲು ಹೊದಿಸೋ ಸನ್ಮಾನ ಅಲ್ಲ. ಒಂದು ಪದ ಇಂಗ್ಲಿಷ್ ಬರಹದಲ್ಲಿ ಸಾಕಷ್ಟು ಕಾಲ, ಸಾಕಷ್ಟು ಕಡೆ ಬಳಕೆಯಾಗಿದ್ದರೆ ಸಂಪಾದಕರು ಪುರಾವೆ ನೋಡಿ ಬರೆದಿಡುತ್ತಾರೆ, ಅಷ್ಟೇ. ಲೂಟಿ, ಬಂಗಲೆ ಎಲ್ಲಾ ಬ್ರಿಟಿಷರ ಕಾಲಕ್ಕೇ ಒಳಗೆ ಹೋಗಿವೆ. ಬೈಗುಳವೂ ಸೇರುತ್ತೆ, ಪಡ್ಡೆ ಹುಡುಗರ ಮಾತೂ ಸೇರುತ್ತೆ. ಆಗ ಇನ್ನು ಕೆಲವರು ‘ಇಂಗ್ಲಿಷ್ ಕೆಟ್ಟುಹೋಯ್ತು’ ಅಂತ ಗೋಳಾಡುತ್ತಾರೆ. ಅದು ಬೇರೆಯೇ ಕಿರಿಕಿರಿ, ಬಿಡಿ.

ನನಗೆ ಸಿಟ್ಟು ಬರೋದು ಚಪ್ಪಾಳೆ ತಟ್ಟಿದವರ ಮೇಲೆ. ಅದರಲ್ಲಿ ಒಬ್ಬರು ಕನ್ನಡ ಮಾಸ್ತರು. ನಮ್ಮ ಹುಡುಗ ಪ್ರಬಂಧದಲ್ಲಿ ‘ಊಟ ಚಲೋ ಇತ್ತು’ ಅಂತ ಬರೆದಿದ್ದಕ್ಕೆ ಕೆಂಪು ಗೀಟು ಎಳೆದು ‘ಗ್ರಾಮ್ಯ’ ಅಂತ ಬರೆದವರು ಇವರೇ! ಚಲೋ ಅನ್ನದೆ ಈ ಊರಲ್ಲಿ ಒಂದು ಕಪ್ ಚಹಾ ಕುಡಿಯೋಕಾಗುತ್ತಾ? ರವಿವಾರ ಪೇಟೆಯಲ್ಲಿ ಸುಮ್ನೆ ಹತ್ತು ನಿಮಿಷ ನಿಂತು ಕೇಳಿ. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ವ್ಯವಹಾರದಲ್ಲಿ ಬರುತ್ತವೆ. ಯಾರಿಗೂ ಅರ್ಥವಾಗದೆ ಇರಲ್ಲ.

ಇಂಗ್ಲಿಷಿನವರು ಹೊರಗಿನ ಮಾತು ಸೇರಿಸಿಕೊಂಡರೆ ದೊಡ್ಡತನ, ನಮ್ಮ ಮಕ್ಕಳು ಮನೆ ಮಾತು ಬರೆದರೆ ತಪ್ಪು. ಇದ್ಯಾವ ನ್ಯಾಯ? ‘ಪಗಾರ’ ಕೂಡ ಪೋರ್ಚುಗೀಸಿನಿಂದ ಬಂದದ್ದೇ. ಮಾಸ್ತರು ಅದನ್ನು ಯಾವತ್ತಾದರೂ ಬೇಡ ಅಂದಿದ್ದಾರಾ?