ಓರ್ಕಾಗಳ ಹತ್ತಿರಕ್ಕೆ ಪ್ರವಾಸಿ ದೋಣಿ ಹೋಗಬೇಕೆ?

ಅಮೆರಿಕದ ಸಿಯಾಟಲ್‌ನಿಂದ ಕೆನಡಾದ ವ್ಯಾಂಕೂವರ್‌ವರೆಗೆ ಹರಡಿದ ಸೇಲಿಷ್ ಸಮುದ್ರದಲ್ಲಿ ಚಿನೂಕ್ ಸಾಲ್ಮನ್ ಮೀನನ್ನೇ ನಂಬಿ ಬದುಕುವ ‘ದಕ್ಷಿಣದ ನಿವಾಸಿ’ ಓರ್ಕಾಗಳು (ಕಪ್ಪು-ಬಿಳುಪಿನ ‘ಕೊಲೆಗಾರ ತಿಮಿಂಗಿಲ’ಗಳು) ಉಳಿದಿರುವುದು ಸುಮಾರು 75. ವಾಷಿಂಗ್ಟನ್ ರಾಜ್ಯದಲ್ಲಿ 2025ರ ಜನವರಿಯಿಂದ ದೋಣಿಗಳು ಇವುಗಳಿಂದ 1,000 ಗಜ ದೂರವಿರಬೇಕು.

ಪರ

ದೋಣಿಯನ್ನು ದೂರುವುದು ಸುಲಭ, ಅದು ಕಣ್ಣಿಗೆ ಕಾಣುತ್ತದೆ. ಓರ್ಕಾಗಳ ಹೊಟ್ಟೆಯ ಮೇಲೆ ಹೊಡೆದದ್ದು ಮೊಟ್ಟೆಯಿಡಲು ನದಿಗೇರುವ ಸಾಲ್ಮನ್ ದಾರಿಗೆ ಅಡ್ಡ ನಿಂತ ಅಣೆಕಟ್ಟುಗಳು. ಅವುಗಳ ಕೊಬ್ಬಿನಲ್ಲಿ ಪಿಸಿಬಿ ಎಂಬ ಕಾರ್ಖಾನೆ ರಾಸಾಯನಿಕದ ವಿಷವೂ ಸೇರಿದೆ. ಹಗಲೂ ರಾತ್ರಿ ಮೊರೆಯುವ ಸರಕು ಹಡಗುಗಳನ್ನು ಮಾತ್ರ ಯಾರೂ ತಡೆಯುವುದಿಲ್ಲ.

1970ರಲ್ಲಿ ಇದೇ ಕಡಲಿನ ಪೆನ್ ಕೋವ್‌ನಲ್ಲಿ ಬಲೆ ಬೀಸಿ ಓರ್ಕಾ ಮರಿಗಳನ್ನು ಹಿಡಿದು ಪ್ರದರ್ಶನಕ್ಕೆ ಮಾರಿದರು. ಆಗ ಸಿಕ್ಕ ಟೊಕಿಟೇ 2023ರಲ್ಲಿ ಮಯಾಮಿಯ ತೊಟ್ಟಿಯಲ್ಲೇ ಸತ್ತಳು. ಓರ್ಕಾವನ್ನು ಅದರ ಕಡಲಲ್ಲೇ ಹೋಗಿ ನೋಡುವ ಜನ ಅದಕ್ಕಿಂತ ಎಷ್ಟೋ ವಾಸಿ. ದೋಣಿಯ ಸದ್ದು ತೊಂದರೆ ಎನ್ನುತ್ತಾರೆ, ಆದರೆ ಸದ್ದು ಬಹುಮಟ್ಟಿಗೆ ವೇಗದ ಮಾತು. ಅರ್ಧ ನಾಟಿಕಲ್ ಮೈಲಿಯೊಳಗೆ 7 ನಾಟ್ (ಗಂಟೆಗೆ ಸುಮಾರು 13 ಕಿ.ಮೀ.) ವೇಗ ಮೀರಬಾರದೆಂಬ ನಿಯಮ ಮೊದಲೇ ಇತ್ತು. ಅದನ್ನು ಬಿಗಿಯಾಗಿ ಪಾಲಿಸಿದ್ದರೆ ಸಾಕಿತ್ತು. ಸಿಯಾಟಲ್ ಬಳಿಯ ರೆಡ್ಮಂಡ್‌ನ ಮಗಳ ಮನೆಗೆ ಬಂದ ಮೈಸೂರಿನ ಅಜ್ಜಿ 1,000 ಗಜದಾಚೆಯಿಂದ ನೋಡುವುದೇನು, ಬರೀ ಒಂದು ಕಪ್ಪು ಚುಕ್ಕಿ.

ವಿರೋಧ

ದೋಣಿ ಕಂಡು ಓಡಿಹೋಗಲಿಲ್ಲ ಎಂದಮಾತ್ರಕ್ಕೆ ಓರ್ಕಾಕ್ಕೆ ತೊಂದರೆಯಿಲ್ಲ ಎಂದಲ್ಲ. ಉಪವಾಸದ ಮನೆಯವರೂ ನೆಂಟರೆದುರು ನಗುತ್ತಲೇ ನಿಲ್ಲುತ್ತಾರೆ.

ಇವು ಬೇಟೆಯಾಡುವುದು ಕಿವಿಯಿಂದ. ಟಕಟಕನೆ ಸದ್ದು ಹೊರಡಿಸಿ, ಮೀನಿಗೆ ತಾಗಿ ಮರಳುವ ಪ್ರತಿಧ್ವನಿಯ ಜಾಡು ಹಿಡಿದು ಕತ್ತಲ ನೀರಿಗೆ ಇಳಿಯುತ್ತವೆ. ಎಂಜಿನ್ ಮೊರೆತ ಆ ಪ್ರತಿಧ್ವನಿಯನ್ನು ನುಂಗಿಬಿಡುತ್ತದೆ. ಸುತ್ತಲಿನ ಸದ್ದು ಒಂದು ಡೆಸಿಬೆಲ್ ಏರಿದರೆ ಇವುಗಳ ಕೂಗೂ ಒಂದು ಡೆಸಿಬೆಲ್ ಏರುತ್ತದೆಂದು ವಿಜ್ಞಾನಿಗಳು ಅಳೆದಿದ್ದಾರೆ. ಸಂತೆಯಲ್ಲಿ ನಿಂತು ಸಂಸಾರದ ಮಾತಾಡಿದ ಹಾಗೆ.

ಇನ್ನೂ ಚುಚ್ಚುವ ಸಂಗತಿ ಬೇರೆಯಿದೆ. ಬೆನ್ನಿಗೆ ಉಪಕರಣ ಅಂಟಿಸಿ ಗಮನಿಸಿದಾಗ, ದೋಣಿ 400 ಗಜದೊಳಗಿದ್ದರೆ ಬೇಟೆ ಕೈಬಿಡುವವರಲ್ಲಿ ಹೆಣ್ಣುಗಳೇ ಮುಂದು. ಹಿಡಿದ ಮೀನನ್ನು ಹರಿದು ಮರಿಗಳಿಗೆ, ಬೆಳೆದು ನಿಂತ ಗಂಡುಮಕ್ಕಳಿಗೂ ಹಂಚುವವಳು ತಾಯಿ. ಅವಳು ಮುಳುಗದಿದ್ದರೆ ಮನೆಗೇ ಊಟವಿಲ್ಲ. 2018ರಲ್ಲಿ ತಹ್ಲೆಕ್ವಾ ಎಂಬ ತಾಯಿ ಓರ್ಕಾ ಹುಟ್ಟಿದೊಡನೆ ಸತ್ತ ಮರಿಯನ್ನು 17 ದಿನ ಹೊತ್ತು ಈಜಿದಳು. ಆ ಸಾವನ್ನು ದೋಣಿಗಳ ತಲೆಗೆ ಕಟ್ಟುತ್ತಿಲ್ಲ. ಒಂದೊಂದು ಮರಿಯೂ ಲೆಕ್ಕಕ್ಕೆ ಬರುವ ಕುಲ ಇದು.

ಅಣೆಕಟ್ಟು ಮೊದಲು ಒಡೆಯಲಿ ಎನ್ನುವುದು ಸರಿಯೇ, ಆದರೆ ಅದಕ್ಕೆ ವರ್ಷಗಟ್ಟಲೆ ಬೇಕು. ಎಂಜಿನ್ ಆರಿಸಲು ಕೀಲಿ ತಿರುವಿದರಾಯಿತು. ಅಜ್ಜಿಗೂ ದಾರಿಯಿದೆ: ಸ್ಯಾನ್ ವಾನ್ ದ್ವೀಪದ ಲೈಮ್ ಕಿಲ್ನ್ ಪಾರ್ಕ್‌ನ ಬಂಡೆಗಳ ಮುಂದೆಯೇ ಓರ್ಕಾಗಳು ಹಾದುಹೋಗುವುದುಂಟು. ಇಡೀ ದಿನ ಕಾದರೂ ಬಾರದಿರಬಹುದು. ಬುತ್ತಿ ಕಟ್ಟಿಕೊಂಡು ಹೋಗಲಿ.